ಟೀಸಿಯ ಮೀಟರು ಮತ್ತು ತೋಟದ ಪಂಪ್‌ಸೆಟ್ಟು

ಸ್ಮಾರ್ಟ್ ಮೀಟರ್ ಎಂಬ ಹೆಸರು ಕೇಳಿದೊಡನೆ ಹೊಳಲ್ಕೆರೆ, ಹೊಸದುರ್ಗದ ಅಡಿಕೆ ಬೆಳೆಗಾರರು ಕೇಳುವ ಮೊದಲ ಪ್ರಶ್ನೆ, ‘ಪಂಪ್‌ಸೆಟ್ಟಿಗೂ ಬಿಲ್ಲು ಬರುತ್ತದೆಯೇ?’ ಎಂಬುದು. ಈ ಅನುಮಾನ ಸಹಜವಾದುದೇ. ಕೊಳವೆ ಬಾವಿಯನ್ನು ನಂಬಿದ ತೋಟದಲ್ಲಿ ಬೇಸಿಗೆಯ ನೀರು ತಪ್ಪಿದರೆ ಫಸಲಿನ ಜೊತೆಗೆ ಮರವೂ ಹೋಗುತ್ತದೆ.

ಮೀಟರು ಕೂರಿಸುವುದು ಬೇರೆ, ದರ ವಿಧಿಸುವುದು ಬೇರೆ. 10 ಎಚ್.ಪಿ.ವರೆಗಿನ ನೀರಾವರಿ ಪಂಪ್‌ಸೆಟ್ಟುಗಳ ವಿದ್ಯುತ್ತಿನ ಹಣವನ್ನು ರಾಜ್ಯ ಸರ್ಕಾರವು ಬೆಸ್ಕಾಂಗೆ ಸಹಾಯಧನವಾಗಿ ಕೊಡುತ್ತದೆ. ಮೀಟರಿಲ್ಲದೆ ವಿದ್ಯುತ್ ಪೂರೈಸಬಾರದೆಂದು 2003ರ ವಿದ್ಯುಚ್ಛಕ್ತಿ ಕಾಯ್ದೆಯ 55ನೇ ಕಲಮು ಹೇಳಿದರೂ ನಮ್ಮ ಬಹುಪಾಲು ಪಂಪ್‌ಸೆಟ್ಟುಗಳಿಗೆ ಮೀಟರಿಲ್ಲ. ಅವು ಬಳಸಿದ ಯೂನಿಟ್ಟುಗಳನ್ನು ಅಂದಾಜು ಮಾಡಲಾಗುತ್ತದೆ. ಅಂದಾಜಿನಲ್ಲಿ ತಂತಿಯ ನಷ್ಟವೂ ಕಳವೂ ರೈತನ ಹೆಸರಿಗೆ ಜಮೆಯಾಗಲು ಅವಕಾಶವುಂಟು. ಇದನ್ನು ನಾವು ಮರೆಯಬಾರದು.

ಹಳೆಯ ಮೀಟರು ಒಟ್ಟು ಯೂನಿಟ್ಟನ್ನಷ್ಟೇ ತೋರಿಸುತ್ತಿತ್ತು. ಸ್ಮಾರ್ಟ್ ಮೀಟರು ದಿನದ ಯಾವ ಹೊತ್ತಿನಲ್ಲಿ ಎಷ್ಟು ವೋಲ್ಟೇಜು, ಎಷ್ಟು ಕರೆಂಟು ಎಂಬುದನ್ನು ಬರೆದಿಟ್ಟು ತಾನೇ ಕಚೇರಿಗೆ ಕಳುಹಿಸುತ್ತದೆ. ಪಟ್ಟಣ ಪ್ರದೇಶದ ಹೊಸ ಸಂಪರ್ಕಗಳಿಗೆ ಬೆಸ್ಕಾಂ ಇದನ್ನು 2025ರ ಫೆಬ್ರವರಿ 15ರಿಂದ ಕಡ್ಡಾಯಗೊಳಿಸಿತು. ನಮಗಾದರೋ ಇಂತಹ ಮೀಟರು ಮನೆಗಿಂತ ಮೊದಲು ಟೀಸಿಯ, ಅಂದರೆ ಟ್ರಾನ್ಸ್‌ಫಾರ್ಮರಿನ, ಕಂಬದ ಮೇಲೆ ಬೇಕು. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿವೆ, ಹಿರಿಯೂರಿನಲ್ಲಿ 400 ಕೆ.ವಿ. ಉಪಕೇಂದ್ರವಿದೆ, ಆದರೂ ಲೈನಿನ ತುದಿಯ ತೋಟದಲ್ಲಿ ಮೋಟರು ಮುಲುಗುತ್ತದೆ. ತೊಂದರೆ ಇರುವುದು ಟೀಸಿಯಿಂದ ಈಚೆಗೆ.

ಲೆಕ್ಕ ನೋಡಿ. 5 ಎಚ್.ಪಿ. ಮೋಟರು ಸುಮಾರು 4.8 ಕಿಲೋವಾಟ್ ಎಳೆಯುತ್ತದೆನ್ನೋಣ. ಪವರ್ ಫ್ಯಾಕ್ಟರ್ 0.75 ಇದ್ದರೆ ಟೀಸಿಯ ಮೇಲೆ ಬೀಳುವ ಹೊರೆ 6.4 ಕೆ.ವಿ.ಎ. ಹಾಗಾದರೆ 25 ಕೆ.ವಿ.ಎ. ಟೀಸಿಗೆ ಮೂರು ಮೋಟರು ಹಾಯಾಗಿ, ನಾಲ್ಕನೆಯದು ಕಷ್ಟದಿಂದ. ಅದಕ್ಕೆ ಅಕ್ರಮವಾಗಿ ಇನ್ನೆರಡು ಸೇರಿದರೆ ವೋಲ್ಟೇಜು ಇಳಿದು, ಮೋಟರು ಹೆಚ್ಚು ಕರೆಂಟು ಎಳೆದು, ಮೊದಲು ಸುರುಳಿಯೋ ಟೀಸಿಯೋ ಸುಡುತ್ತದೆ. ಸುಟ್ಟ ಮೇಲೆ ಯಾರ ಮೋಟರಿನಿಂದ ಸುಟ್ಟಿತೆಂಬ ಜಗಳ ಊರಿಗೆಲ್ಲ ಗೊತ್ತು. ಹೊರೆ ಯಾವ ದಿನ ಎಷ್ಟಿತ್ತೆಂದು ಟೀಸಿಯ ಮೀಟರಿನಲ್ಲಿ ದಾಖಲಾಗಿದ್ದರೆ, ಹೆಚ್ಚುವರಿ ಟೀಸಿ ಕೇಳುವ ಅರ್ಜಿಗೆ ಅದಕ್ಕಿಂತ ಬಲವಾದ ಸಾಕ್ಷಿ ಬೇಡ.

ಮೀಟರು ಬರುವವರೆಗೆ ಕಾಯಬೇಕಾಗಿಲ್ಲ. ಅದೇ ಮೋಟರಿಗೆ 2 ಕೆ.ವಿ.ಎ.ಆರ್. ಕೆಪಾಸಿಟರ್ ಕೂರಿಸಿದರೆ ಹೊರೆ 5.3 ಕೆ.ವಿ.ಎ.ಗೆ ಇಳಿಯುತ್ತದೆ, ಆ ಹೊರೆಯಿಂದ ತಂತಿಯಲ್ಲಾಗುವ ನಷ್ಟ ಮೂರರಲ್ಲೊಂದು ಪಾಲಿನಷ್ಟು ತಗ್ಗುತ್ತದೆ. ಕೆಪಾಸಿಟರನ್ನು ಸ್ಟಾರ್ಟರಿನಿಂದ ಮೋಟರಿಗೆ ಹೋಗುವ ಕಡೆ ಜೋಡಿಸಬೇಕು, ಆಗ ಮೋಟರು ನಿಂತೊಡನೆ ಅದೂ ಲೈನಿನಿಂದ ಕಳಚುತ್ತದೆ. ಸ್ಟಾರ್-ಡೆಲ್ಟಾ ಸ್ಟಾರ್ಟರ್ ಇದ್ದವರು ಅನುಭವಿ ವೈರ್‌ಮನ್ನನ್ನೇ ಕರೆಸತಕ್ಕದ್ದು.

ಇನ್ನು ಆಟೋ ಸ್ಟಾರ್ಟರಿನ ವಿಷಯ. ರಾತ್ರಿ ಎರಡು ಗಂಟೆಗೆ ತ್ರೀ ಫೇಸ್ ಬಂದರೂ ನಿದ್ದೆ ಕೆಡಿಸದ ಈ ಸಾಧನ ಬೇಡವೆಂದರೆ ಯಾರೂ ಕೇಳುವುದಿಲ್ಲ! ನೇರವಾಗಿ ಚಾಲೂ ಆಗುವ ಮೋಟರು ಆರಂಭದ ಕ್ಷಣಗಳಲ್ಲಿ ಸುಮಾರು ಆರು ಪಟ್ಟು ಕರೆಂಟು ಎಳೆಯುತ್ತದೆ. ಒಂದು ಟೀಸಿಯ ಎಲ್ಲ ಮೋಟರುಗಳೂ ಒಮ್ಮೆಗೇ ಎದ್ದರೆ ಗತಿಯೇನು? ಆದುದರಿಂದ ಒಂದೇ ಟೀಸಿಯ ಬೆಳೆಗಾರರು ಕೂಡಿ ಕುಳಿತು, ತಮ್ಮ ಟೈಮರುಗಳನ್ನು ಒಬ್ಬರದು ಒಂದು ನಿಮಿಷ, ಇನ್ನೊಬ್ಬರದು ಎರಡು, ಮತ್ತೊಬ್ಬರದು ಮೂರು ನಿಮಿಷ ತಡವಾಗಿ ಚಾಲೂ ಆಗುವಂತೆ ಹೊಂದಿಸಿಕೊಳ್ಳಬೇಕು.