ದೊಡ್ಡ ಮೀನಿಗೆ ಗಟ್ಟಿ ಗಂಟು: ಎಂಟು ಸೂತ್ರಗಳು

ದೊಡ್ಡಬಳ್ಳಾಪುರದ ಬಳಿಯ ಬಾಶೆಟ್ಟಿಹಳ್ಳಿಯಿಂದ ಮಂಗಳೂರಿನ ಕಡಲಿಗೆ ಸುಮಾರು 350 ಕಿ.ಮೀ. ರಜೆ ಹೊಂದಿಸಿಕೊಂಡು ಅಷ್ಟು ದೂರ ಹೋಗಿ, ಗಾಳಕ್ಕೆ ಬಿದ್ದ ಅಂಜಲ್ ಮೀನು ಕೈತಪ್ಪಿದರೆ ಹೊಟ್ಟೆ ಉರಿಯದೇ ಇರದು. ದಾರ ಕಡಿಯುವುದು ಹೆಚ್ಚಾಗಿ ಗಂಟಿನಲ್ಲೇ. ಗಂಟನ್ನು ಊರಲ್ಲೇ ಕಲಿತು ಹೊರಡಿ.

1. ಮೀನು ನೋಡಿ ಲೀಡರ್ (ಕೊಕ್ಕೆಯ ಕಡೆಯ ತುಂಡು ದಾರ) ಆರಿಸಿ. ಅಂಜಲ್‌ನ ಹಲ್ಲು ನೈಲಾನನ್ನು ಕ್ಷಣದಲ್ಲಿ ಕತ್ತರಿಸುತ್ತದೆ; ಕೊಕ್ಕೆಯ ಮೇಲೆ ಗೇಣುದ್ದ ಸ್ಟೀಲ್ ತಂತಿ ಇರಲಿ. ಬಂಡೆಯ ಸಂದಿಗೆ ನುಗ್ಗುವ ಮುರು ಮೀನಿಗೆ ಉಜ್ಜಿದರೂ ತಾಳುವ ದಪ್ಪ ನೈಲಾನ್ ಲೀಡರ್ ಬೇಕು.

2. ಮುಖ್ಯ ದಾರವಾದ ಬ್ರೇಡ್‌ಗೂ ಲೀಡರ್‌ಗೂ ಎಫ್‌ಜಿ ಗಂಟು. ಲೀಡರನ್ನು ಮಡಚದೆ, ಅದರ ಮೇಲೆ ಬ್ರೇಡನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ 20ರಷ್ಟು ಸುತ್ತು ಬಿಗಿಯಾಗಿ ಹೆಣೆಯಿರಿ. ಎಳೆದಷ್ಟೂ ಕಚ್ಚಿ ಹಿಡಿಯುತ್ತದೆ. ತೆಳ್ಳಗಿರುವುದರಿಂದ ರಾಡಿನ ಬಳೆಗಳಲ್ಲಿ ಸಲೀಸಾಗಿ ದಾಟುತ್ತದೆ.

3. ಕೊಕ್ಕೆಗೆ, ಸ್ವಿವೆಲ್‌ಗೆ ಯೂನಿ ಗಂಟು. ದಾರದ ತುದಿಯನ್ನು ಕಣ್ಣಿನಲ್ಲಿ ತೂರಿಸಿ, ಹಿಂದಕ್ಕೆ ತಂದು ಕುಣಿಕೆ ಮಾಡಿ. ಕುಣಿಕೆಯೊಳಗಿಂದಲೇ ತುದಿಯನ್ನು ಎರಡೂ ಎಳೆಗಳ ಮೇಲೆ ಐದಾರು ಸುತ್ತು ಸುತ್ತಿ ಎಳೆಯಿರಿ. ದಪ್ಪ ಲೀಡರ್‌ಗೆ ಮೂರ್ನಾಲ್ಕು ಸುತ್ತು ಸಾಕು.

4. ಕೃತಕ ಮೀನಿಗೆ ಜಾರದ ಕುಣಿಕೆ. ಗಂಟು ಮೂಗಿಗೆ ಬಿಗಿದರೆ ಅದು ನೀರಿನಲ್ಲಿ ಓಲಾಡುವುದಿಲ್ಲ.

5. ತಳದ ಮೀನಿಗೆ ಜಾರುವ ಸೀಸ. ಮುಖ್ಯ ದಾರಕ್ಕೆ ಸೀಸ, ಮಣಿ, ಆಮೇಲೆ ಸ್ವಿವೆಲ್. ಅಲ್ಲಿಂದ ಲೀಡರ್, ಕೊಕ್ಕೆ. ಮೀನು ಎಳೆದಾಗ ದಾರ ಸೀಸದೊಳಗೆ ಸರಿಯುತ್ತದೆ. ಭಾರ ಗೊತ್ತಾಗದೆ ಮೀನು ಗಾಳ ನುಂಗುತ್ತದೆ.

6. ಒದ್ದೆ ಮಾಡದೆ ಬಿಗಿಯಬೇಡಿ. ಒಣ ನೈಲಾನ್ ಉಜ್ಜಿ ಬಿಸಿಯಾದರೆ ಬಲ ಕುಗ್ಗುತ್ತದೆ. ಎಂಜಲು ಹಚ್ಚಿ, ನಿಧಾನಕ್ಕೆ ಎಳೆಯಿರಿ. ಸುತ್ತುಗಳು ಒಂದರ ಮೇಲೊಂದು ಹತ್ತಿದ್ದರೆ ಕತ್ತರಿಸಿ ಮತ್ತೆ ಕಟ್ಟಿ.

7. ರೀಲಿನ ಡ್ರ್ಯಾಗ್ (ದಾರ ಬಿಡುವ ಬಿಗಿ) ಅಳೆದು ಇಡಿ. ದಾರದ ಬಲದ ಮೂರನೇ ಒಂದು ಭಾಗ ದಾಟಬಾರದು. 20 ಕೆ.ಜಿ. ದಾರವಾದರೆ ತುದಿಯನ್ನು ಸ್ಪ್ರಿಂಗ್ ತಕ್ಕಡಿಗೆ ಕಟ್ಟಿ ಎಳೆಯಿರಿ; ಮುಳ್ಳು 6 ಕೆ.ಜಿ. ತೋರಿಸುವಾಗ ರೀಲ್ ದಾರ ಬಿಡಬೇಕು.

8. ಮಳೆಗಾಲದಲ್ಲಿ ಬೆರಳು ಪಳಗಿಸಿ. ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಆಗ ಅಲೆಗಳ ಅಬ್ಬರವೂ ಜೋರು; ತಡೆಗೋಡೆಯ ಕಲ್ಲುಗಳ ಮೇಲೆ ನಿಲ್ಲುವ ಸಾಹಸ ಬೇಡವೇ ಬೇಡ. ದೊಡ್ಡಬಳ್ಳಾಪುರದ ನೇಕಾರರು ಕಡಿದ ಎಳೆಯನ್ನು ಚಕಚಕನೆ ಜೋಡಿಸುವಂತೆ ನಿಮ್ಮ ಕೈಯೂ ಓಡಬೇಕು. ಎಫ್‌ಜಿ, ಯೂನಿ ಎರಡನ್ನೂ ದಿನವೂ ಕಟ್ಟಿ, ಜಗ್ಗಿ ನೋಡಿ. ಕತ್ತಲಲ್ಲೂ ಕಟ್ಟಲು ಬಂದ ಮೇಲೆ ಕಡಲಿನ ಟಿಕೆಟ್ ತೆಗೆಸಿ.