ಗುಮ್ಮಟ ಚಳಿಗಾಲದಲ್ಲಿ ಕಟ್ಟಿ, ಶೆಗಣಿ ಶಿವರಾತ್ರಿಯ ನಂತರ ಹಾಕಿ

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಸಣ್ಣ ಹಿಡುವಳಿದಾರರು ಗೋಬರ್ ಗ್ಯಾಸ್ ಕಟ್ಟಿಸಲು ಕೈಹಾಕುವುದು ಬಹುಮಟ್ಟಿಗೆ ಮಳೆ ನಿಂತ ಮೇಲೆಯೇ. ಡಿಸೆಂಬರಿನಲ್ಲಿ ಶೆಗಣಿ ತುಂಬಿಸಿ, ವಾರಗಳು ಕಳೆದರೂ ಒಲೆ ಹತ್ತದಿದ್ದರೆ ಬೈಗುಳವೆಲ್ಲ ಗೌಂಡಿಯ ಪಾಲಿಗೆ. ಗುಮ್ಮಟ ಸೋರುತ್ತಿದ್ದರೆ ಆ ಮಾತು ಬೇರೆ. ಸೋರದಿದ್ದರೂ ಗ್ಯಾಸ್ ತಡವಾಗುತ್ತಿದ್ದರೆ ಮೊದಲು ನೋಡಬೇಕಾದದ್ದು ಚಳಿಯನ್ನು. ಚಳಿ ಇಡೀ ಕೆಲಸವನ್ನು ತಡೆಯುವುದಿಲ್ಲ. ಜೀವಾಣು, ಮೊಳಕೆ, ಬೇರುಗಳು ಮಾಡಬೇಕಾದ ಭಾಗವನ್ನಷ್ಟೇ ನಿಧಾನ ಮಾಡುತ್ತದೆ. ಆದ್ದರಿಂದ ಕಟ್ಟುವ ಕೆಲಸ, ತುಂಬುವ ಕೆಲಸ ಎರಡನ್ನೂ ಬೇರೆ ಮಾಡಿ, ಒಂದನ್ನು ಚಳಿಗಾಲಕ್ಕೆ, ಇನ್ನೊಂದನ್ನು ಶಿವರಾತ್ರಿಯ ನಂತರಕ್ಕೆ ಇಟ್ಟುಕೊಳ್ಳುವುದೇ ಜಾಣತನ.

ಶೆಗಣಿಯಿಂದ ಮೀಥೇನ್ ಮಾಡುವ ಸೂಕ್ಷ್ಮಜೀವಿಗಳಿಗೆ 30ರಿಂದ 38 ಡಿಗ್ರಿ ಸೆಲ್ಸಿಯಸ್ ಬೆಚ್ಚನೆ ಹಿತ. ಬಗ್ಗಡ 20 ಡಿಗ್ರಿಗಿಂತ ಕೆಳಗಿಳಿದರೆ ಗ್ಯಾಸ್ ಉತ್ಪತ್ತಿ ಗಣನೀಯವಾಗಿ ಕುಗ್ಗುತ್ತದೆ. 10 ಡಿಗ್ರಿಯ ಹತ್ತಿರ ಬಹುತೇಕ ನಿಂತೇಹೋಗುತ್ತದೆ. ಶೆಗಣಿ ಘಟಕದೊಳಗೆ ಎಷ್ಟು ದಿನ ಕೊಳೆಯಬೇಕು ಎಂಬ ವಿನ್ಯಾಸದ ಲೆಕ್ಕವೂ ಇದನ್ನೇ ಹೇಳುತ್ತದೆ: ದಕ್ಷಿಣದ ಬೆಚ್ಚಗಿನ ಸೀಮೆಗೆ ಸುಮಾರು 30 ದಿನ, ಹಿಮಾಲಯದ ತಪ್ಪಲಿಗೆ 55 ದಿನ. ಮೊದಲ ಬಾರಿ ಬಗ್ಗಡ ತುಂಬಿದಾಗ ಹೊರಬರುವ ಗ್ಯಾಸಿನಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿರುವುದರಿಂದ ಅದು ಉರಿಯುವುದೂ ಇಲ್ಲ. ಜೀವಾಣುಗಳ ಸಂಖ್ಯೆ ಬೆಳೆಯುವವರೆಗೆ ಕಾಯಲೇಬೇಕು, ಚಳಿಯಲ್ಲಿ ಆ ಕಾಯುವಿಕೆ ಉದ್ದವಾಗುತ್ತದೆ. ಕಬ್ಬಿನ ಕಥೆಯೂ ಹೀಗೆಯೇ. ಕಣ್ಣು ಒಡೆಯಲು 32–38 ಡಿಗ್ರಿ ಅನುಕೂಲ; ಡಿಸೆಂಬರ್ ಕೊನೆಯಲ್ಲಿ ನೆಟ್ಟ ಬೀಜದ ತುಂಡು, ಆಗಲೇ ಕಟಾವಾದ ಕುಳೆ ಎರಡೂ ಚಿಗುರಲು ತಡಮಾಡುತ್ತವೆ.

ಸಿಮೆಂಟಿನ ಸ್ವಭಾವ ಬೇರೆ. ಕಾಂಕ್ರೀಟಿಗೆ ಅಪಾಯ ತರುವುದು 5 ಡಿಗ್ರಿಗಿಂತ ಕೆಳಗಿನ ಚಳಿ. ಘಟಪ್ರಭೆಯ ದಂಡೆಗೆ ಅಂಥ ಚಳಿ ಬರುವುದಿಲ್ಲ. ನಿಜವಾಗಿ ಕಾಡುವುದು ಏಪ್ರಿಲಿನ ಬಿಸಿಲು: ಗಿಲಾವು ನೀರು ಕುಡಿಯುವ ಮೊದಲೇ ಒಣಗಿ ಕೂದಲೆಳೆಯಂಥ ಬಿರುಕು ಬಿಡುತ್ತದೆ, ಗ್ಯಾಸ್ ಅಲ್ಲಿಂದಲೇ ಜಾರಿಹೋಗುತ್ತದೆ. ಚಳಿಗಾಲದಲ್ಲಿ ಒದ್ದೆ ಗೋಣಿಚೀಲ ಹೊದಿಸಿದರೆ ತೇವ ಬಹಳ ಹೊತ್ತು ನಿಲ್ಲುತ್ತದೆ. ಸಾದಾ ಸಿಮೆಂಟಿಗೆ ಕನಿಷ್ಠ 7 ದಿನ, ಪಿಪಿಸಿ ಸಿಮೆಂಟಿಗೆ 10 ದಿನ ನೀರುಣಿಸಬೇಕು; ತಂಪಿನಲ್ಲಿ ಗಟ್ಟಿಯಾಗುವುದು ನಿಧಾನವಾದ್ದರಿಂದ ಸೆಂಟ್ರಿಂಗ್ ತೆಗೆಯಲು ಅವಸರ ಮಾಡಬಾರದು.

ಖಾಲಿ ಗುಂಡಿಯನ್ನು ಎರಡು ತಿಂಗಳು ಬಿಟ್ಟರೆ ಕಾಲುವೆ ಬಸಿ ನೀರಿಗೆ ಎದ್ದೀತು, ಎರೆಮಣ್ಣು ಗೋಡೆಯನ್ನು ಒತ್ತೀತು ಎಂಬ ಆಕ್ಷೇಪವಿದೆ. ಅದು ಸರಿಯಾದ ಭಯ. ಅದಕ್ಕೇ ಸುತ್ತಲೂ ಗರಸು ತುಂಬಿ ದಮ್ಮಸು ಮಾಡಬೇಕು, ಒಳಗೆ ನೀರು ನಿಲ್ಲಿಸಬೇಕು. ಈ ನೀರೇ ಸೋರಿಕೆಯ ಪರೀಕ್ಷೆಯೂ ಆಗುತ್ತದೆ: ಗೋಡೆ ಹೀರಿಕೊಂಡ ಮೇಲೆ ಮಟ್ಟಕ್ಕೆ ಗುರುತು ಹಾಕಿ, ಮರುದಿನ ಇಳಿದಿದೆಯೇ ನೋಡಬಹುದು. ಶೆಗಣಿ ತುಂಬಿದ ಮೇಲೆ ಬಿರುಕು ಹುಡುಕುವುದು ಎಷ್ಟು ಕಷ್ಟ, ಎಷ್ಟು ಅಪಾಯ ಎಂದು ಬಲ್ಲವರಿಗೆ ಈ ಬಿಡುವಿನ ಬೆಲೆ ಗೊತ್ತಾಗುತ್ತದೆ. ಸಕ್ಕರೆ ಕಾರ್ಖಾನೆ ಕಬ್ಬು ನುರಿಸುವ ಹಂಗಾಮಿನಲ್ಲಿ ಆಳು ಸಿಗುವುದಿಲ್ಲ ಎಂಬ ಇನ್ನೊಂದು ಮಾತೂ ಸುಳ್ಳಲ್ಲ. ಆದರೆ ಗುಮ್ಮಟಕ್ಕೆ ಬೇಕಾದದ್ದು ಒಬ್ಬ ಪಳಗಿದ ಗೌಂಡಿ, ಇಬ್ಬರು ಕೈಯಾಳು. ಗುಂಡಿ ತೋಡುವ ಭಾರದ ಕೆಲಸವನ್ನು ಮಾತ್ರ ಕಟಾವಿಗೆ ಮೊದಲೇ ಮುಗಿಸಿಕೊಳ್ಳಬೇಕು.

ದಿನಕ್ಕೆ 25 ಕಿಲೋ ಶೆಗಣಿ ಬೇಡುವ 1 ಘನ ಮೀಟರಿನ ಘಟಕವಾದರೂ ಮೊದಲ ಭರ್ತಿಗೆ ಬಹಳಷ್ಟು ಶೆಗಣಿ ಬೇಕು. ಜನವರಿಯಿಂದ ಅದನ್ನು ನೆರಳಿನಲ್ಲಿ, ಒಣಗಲು ಬಿಡದೆ ಕೂಡಿಸುತ್ತ ಬಂದರೆ ಮಾರ್ಚಿನ ಹೊತ್ತಿಗೆ ಹೊಂದುತ್ತದೆ. ಗುಂಡಿಯ ನೀರನ್ನು ಆಗ ಅಗತ್ಯ ನೋಡಿ ತೆಗೆದು, ಶೆಗಣಿಗೆ ಸಮನಾಗಿ ನೀರು ಕಲಸಿ ಹಾಕುವಾಗ ಪಕ್ಕದ ಮನೆಯ ನಡೆಯುತ್ತಿರುವ ಘಟಕದಿಂದ ಹತ್ತಾರು ಕೊಡ ಬಗ್ಗಡ ತಂದು ಬೆರೆಸಿದರೆ ಗ್ಯಾಸ್ ಬೇಗ ಹಿಡಿಯುತ್ತದೆ. ಈಗಾಗಲೇ ಘಟಕವಿದ್ದು ಚಳಿಯಲ್ಲಿ ಒಲೆ ಸೊರಗಿದವರು ಗುಮ್ಮಟದ ಮೇಲಿನ ಮಣ್ಣಿಗೆ ಕಬ್ಬಿನ ರವದಿ ದಪ್ಪಗೆ ಹಾಸಲಿ. ಬೆಳಗಿನ ತಣ್ಣೀರಿನ ಬದಲು ಬಿಸಿಲಿಗೆ ಕಾಯಿಸಿದ ನೀರಿನಲ್ಲಿ ಮಧ್ಯಾಹ್ನ ಶೆಗಣಿ ಕಲಸಲಿ. ಒಲೆ, ಕಂದೀಲು ರವದಿಯಿಂದ ದೂರವಿರಲಿ.