ದೋಣಿಯ ಔಟ್‌ಬೋರ್ಡ್ ಯಂತ್ರವನ್ನು ಕಳ್ಳರಿಂದ ಕಾಯುವ ಕ್ರಮ

ಘಟ್ಟದಿಂದಿಳಿದು ಕಾರ್ಕಳ ತಾಲೂಕನ್ನು ಹಾದು, ಮಣಿಪಾಲದ ತಗ್ಗಿನಲ್ಲಿ ಹರಿದು ಕಡಲನ್ನು ಸೇರುವ ಸ್ವರ್ಣಾ ನದಿಯ ಕುದ್ರುಗಳಲ್ಲಿ ತೆಂಗಿನ ತೋಟವುಳ್ಳವರಿಗೆ ದೋಣಿಯು ಅಗತ್ಯವಾದ ಸಾಧನ. ಉಡುಪಿ, ಕಾಪು ತೀರದ ನಾಡದೋಣಿಯ ಮೀನುಗಾರರಿಗಂತೂ ಅದೇ ಜೀವನಾಧಾರ. ಇಂತಹ ದೋಣಿಗಳಿಗೆ ಔಟ್‌ಬೋರ್ಡ್ ಯಂತ್ರವನ್ನು ಜೋಡಿಸುವುದು ಈಗ ವಾಡಿಕೆಯಾಗಿದೆ. ಯಂತ್ರವು ಕಳವಾದರೆ ದೋಣಿಯು ಉಳಿದರೂ ಕಸಬು ನಿಲ್ಲುವುದು. ಒಂದೇ ದೋಣಿಯನ್ನು ನಂಬಿದ ಹಲವು ಮನೆಗಳು ಸಾಲಕ್ಕೆ ಬೀಳುವುವು. ಆದಕಾರಣ ಗ್ರಾಮದ ಮುಖಂಡರೂ ಭೂಮಾಲಿಕರೂ ಈ ವಿಷಯಕ್ಕೆ ಗಮನ ಕೊಡುವುದು ಯುಕ್ತ.

ಕಳವು ಸುಲಭವಾಗಲು ಕಾರಣ: ಸಣ್ಣ ಯಂತ್ರವನ್ನು ದೋಣಿಯ ಹಿಂಬದಿಯ ಹಲಗೆಗೆ ಎರಡು ತಿರುಪುಗಳಿಂದ ಬಿಗಿದಿರುತ್ತದೆ. ಅವುಗಳನ್ನು ಬರಿಗೈಯಿಂದಲೇ ಸಡಿಲಿಸಬಹುದು. ಸುಮಾರು 10 ಅಶ್ವಶಕ್ತಿಯ ಯಂತ್ರದ ತೂಕ 40 ಕಿಲೋಗ್ರಾಂ ಆಸುಪಾಸು. ಬಲಶಾಲಿಯಾದ ಒಬ್ಬನೇ ಹೊತ್ತೊಯ್ಯಬಲ್ಲನು. ಒಡೆಯನ ಅನುಕೂಲಕ್ಕೆಂದು ಮಾಡಿದ ಏರ್ಪಾಡೇ ಕಳ್ಳನಿಗೂ ಅನುಕೂಲವಾಗಿದೆ.

ಬಿಚ್ಚಿಡುವುದು: ದೋಣಿಯು ಹಲವು ದಿನ ದಂಡೆಯ ಮೇಲಿರುವ ಮಳೆಗಾಲದಲ್ಲಿ ಯಂತ್ರವನ್ನು ಬಿಚ್ಚಿ ಮನೆಯಲ್ಲಿಡುವುದೇ ಉತ್ತಮ. ಮೊದಲು ಸಿಹಿನೀರಿನಿಂದ ಉಪ್ಪನ್ನು ತೊಳೆದು, ಒಳಗಿನ ನೀರು ಬಸಿದುಹೋಗುವಂತೆ ನೆಟ್ಟಗೆ ನಿಲ್ಲಿಸತಕ್ಕದ್ದು. ಎಣ್ಣೆಯ ಡಬ್ಬಿಯನ್ನು ಒಲೆಯ ಬಳಿ ಇಡಕೂಡದು.

ಬೀಗ ಹಾಕುವುದು: ಪ್ರತಿದಿನ ಬಿಚ್ಚಲಾಗದವರು ಎರಡು ತಿರುಪುಗಳ ಹಿಡಿಗಳನ್ನೂ ಒಟ್ಟಿಗೆ ಮುಚ್ಚುವ ಉಕ್ಕಿನ ಕವಚವನ್ನು ತೊಡಿಸಿ ಬೀಗ ಹಾಕಬೇಕು. ಉಪ್ಪುಗಾಳಿಗೆ ಕಬ್ಬಿಣದ ಬೀಗವು ಬೇಗ ತುಕ್ಕು ಹಿಡಿಯುವುದರಿಂದ ಹಿತ್ತಾಳೆಯ ಬೀಗ ಮೇಲು. ಅದಕ್ಕೂ ಆಗಾಗ ಎಣ್ಣೆ ಬಿಡತಕ್ಕದ್ದು. ಹಲಗೆಯು ಕೊಳೆತಿದ್ದರೆ ಎಂತಹ ಬೀಗವೂ ನಿಷ್ಫಲ. ಹಲಗೆಯನ್ನೇ ಕೊಯ್ದು ಯಂತ್ರವನ್ನು ಒಯ್ಯಬಹುದು. ಬೀಗವಿದೆಯೆಂದು ತಿರುಪುಗಳನ್ನು ಬಿಗಿಯುವುದನ್ನು ಮರೆಯಬಾರದು. ಸಡಿಲವಾದ ಯಂತ್ರವು ನಡುನೀರಿನಲ್ಲಿ ಕಳಚಿ ಬೀಳುವುದುಂಟು.

ಗುರುತು ಮತ್ತು ದಾಖಲೆ: ಪ್ರತಿಯೊಂದು ಯಂತ್ರಕ್ಕೂ ತಯಾರಕರು ಕೊಟ್ಟ ಸಂಖ್ಯೆಯೊಂದಿದೆ. ಅದನ್ನು ಬರೆದುಕೊಂಡು, ಭಾವಚಿತ್ರ ತೆಗೆದು, ಖರೀದಿಯ ರಸೀದಿಯೊಡನೆ ದೋಣಿಯಲ್ಲಲ್ಲದೆ ಮನೆಯಲ್ಲಿಡಬೇಕು. ಸಂಖ್ಯೆಯ ಫಲಕವನ್ನು ಕಳ್ಳರು ಕಿತ್ತುಹಾಕಬಹುದಾದ್ದರಿಂದ, ಹೊರಗೆ ಕಾಣದ ಒಂದೆರಡು ಕಡೆಗಳಲ್ಲಿ ಸ್ವಂತ ಗುರುತನ್ನು ಕೊರೆಯಿಸುವುದು ಲೇಸು.

ಮುಖಂಡರ ಕರ್ತವ್ಯ: ಪ್ರತಿ ಕಡವಿನ ಯಂತ್ರಗಳ ಸಂಖ್ಯೆಗಳನ್ನು ಒಂದು ಪುಸ್ತಕದಲ್ಲಿ ಬರೆಸಿ, ದೋಣಿಗಳನ್ನು ಬೆಳಕಿರುವ ಒಂದೇ ಸ್ಥಳದಲ್ಲಿ ಕಟ್ಟಿಸಿ, ಸರದಿಯಂತೆ ಕಾವಲು ಇರಿಸಬಹುದು. ಕಳವಾದೊಡನೆ 112ಕ್ಕೆ ಕರೆಮಾಡಿ ಠಾಣೆಗೆ ದೂರು ಕೊಡಿಸಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನ ಪ್ರಕಾರ, ಕಳವು ಯಾವ ಠಾಣೆಯ ಸರಹದ್ದಿನಲ್ಲಿ ನಡೆದಿದ್ದರೂ ಮಾಹಿತಿ ಕೊಡಬಹುದು. ದಾಖಲಾದ ವರದಿಯ ಪ್ರತಿಯೂ ಉಚಿತವಾಗಿ ದೊರೆಯುವುದು.

ಹಳೆಯ ಯಂತ್ರವನ್ನು ಅಗ್ಗವಾಗಿ ಕೊಳ್ಳುವವರಿಗೂ ಎಚ್ಚರಿಕೆ ಅಗತ್ಯ. ರಸೀದಿಯಿಲ್ಲದ, ಸಂಖ್ಯೆ ಉಜ್ಜಿಹೋದ ಯಂತ್ರವನ್ನು ಕೊಳ್ಳಕೂಡದು. ಕದ್ದ ಮಾಲೆಂದು ತಿಳಿದು ಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 317ನೆಯ ಕಲಮಿನಂತೆ ಅಪರಾಧ. ಕೊಳ್ಳುವವರಿಲ್ಲದ ಊರಿನಲ್ಲಿ ಕದಿಯುವವರಿಗೂ ಲಾಭವಿಲ್ಲ.